ಕಂಬಿ ಗೇಟಿಗೆ ಅಡ್ಡ ನಿಂತ ಜಿಪ್ಪಕ್ಕ

ನಮ್ಮಕ್ಕನನ್ನು ಬೀದಿಯವರೆಲ್ಲ ಜಿಪ್ಪಕ್ಕ ಎನ್ನುತ್ತಾರೆ. ಬ್ಯಾಗು, ಜಾಕೆಟ್ಟು, ಟೆಂಟು, ಯಾವುದರ ಜಿಪ್ಪು ಕಿತ್ತುಹೋದರೂ ನಮ್ಮ ಮನೆಯ ಮುಂದಿನ ಕೋಣೆಗೇ ಬರಬೇಕು. ಊರಿನ ಚೀಲಗಳ ಬಾಯನ್ನೆಲ್ಲ ಮುಚ್ಚಿಸುವವಳಿಗೆ ತನ್ನ ಬಾಯಿ ಮುಚ್ಚಲು ಮಾತ್ರ ಬರುವುದಿಲ್ಲ. ಮೆಟ್ಟಿಲಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಬಾಯಿಗೆ ಏನೂ ಆಗಲಿಲ್ಲ, ಸದ್ಯ.

ಬೀಳುವ ಮೊದಲು ಪ್ರತಿ ಭಾನುವಾರ ಅವಳು ಊರಾಚೆಯ ವನಧಾಮಕ್ಕೆ ಹೋಗುತ್ತಿದ್ದಳು. ಅಲ್ಲಿ ಮರಗಳ ನಡುವೆ ಕೆರೆಯವರೆಗೆ ಒಂದು ಕಾಲುದಾರಿಯಿದೆ. ಗಾಲಿಕುರ್ಚಿ ಬಂದ ಮೇಲೆ, ತೋಳಿಗೆ ಬಲ ಬರುವವರೆಗೂ ಕಾದು, ಒಂದು ಭಾನುವಾರ ಹೊರಟೇಬಿಟ್ಟಳು. ನಾನೂ ಜೊತೆಗೆ ಹೋದೆ. ಬಾಗಿಲಲ್ಲೇ ನಿಲ್ಲಬೇಕಾಯಿತು. ಬೈಕುಗಳು ನುಗ್ಗದಿರಲಿ ಎಂದು ಅಲ್ಲಿ ಅಂಕುಡೊಂಕಿನ ಕಂಬಿ ಗೇಟು ಹಾಕಿಸಿದ್ದರು. ಮನುಷ್ಯರು ಸೊಂಟ ತಿರುಗಿಸಿ ನುಸುಳಬಹುದು, ಕುರ್ಚಿಗೆ ಸೊಂಟವೆಲ್ಲಿ? ನಾವು ನೋಡುತ್ತಿದ್ದಂತೆಯೇ ಇಬ್ಬರು ಪುಂಡರು ಬೈಕನ್ನು ನೆಲಕ್ಕೆ ಮಲಗಿಸಿ, ಕಂಬಿಯ ಕೆಳಗೆ ಎಳೆದುಕೊಂಡು ಬುರ್ರೆಂದು ಹೊರಟುಹೋದರು. ಗೇಟು ಹಾಕಿದವರು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು.

ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಕುರ್ಚಿಯನ್ನು ಗೇಟಿನ ಬಾಯಿಗೆ ಅಡ್ಡ ನಿಲ್ಲಿಸಿಕೊಂಡಳು.

"ಸ್ವಲ್ಪ ದಾರಿ ಬಿಡಮ್ಮ," ಎಂದರು ಹಿಂದೆ ಬಂದವರು.

"ನನಗೆ ಬಿಟ್ಟ ತಕ್ಷಣ ನಿಮಗೂ ಬಿಡ್ತೀನಿ."

ಜನ ಸೇರಿದರು, ಬೈದರು. ಬೈದವರಲ್ಲಿ ಅರ್ಧದಷ್ಟು ಮಂದಿಯ ಬೆನ್ನ ಮೇಲಿದ್ದ ಬ್ಯಾಗಿನ ಜಿಪ್ಪು ಅವಳೇ ಹಾಕಿದ್ದು. "ಬೈಯಿರಿ, ಬೈಯಿರಿ. ಕಿತ್ತೋದಾಗ ನನ್ನ ಹತ್ರಾನೇ ಬರ್ಬೇಕು," ಎಂದಳು.

ವನಧಾಮದ ಅಧಿಕಾರಿ ಓಡಿಬಂದರು. ಮೆದು ಮಾತಿನ ಮನುಷ್ಯ; ಅದೇ ನನ್ನನ್ನು ಇನ್ನೂ ರೇಗಿಸಿತು. "ನಮ್ಮೋರು ನಾಲ್ಕು ಜನ ನಿಮ್ಮನ್ನ ಕುರ್ಚಿ ಸಮೇತ ಎತ್ಕೊಂಡು ಹೋಗಿ ಕೆರೆ ತೋರಿಸ್ಕೊಂಡು ಬರ್ತಾರಮ್ಮ. ಒಂದು ಒಳ್ಳೆ ಫೋಟೋನೂ ತೆಗೀತೀವಿ."

"ಎತ್ಕೊಂಡು ಹೋಗಿ ಇಳಿಸೋಕೆ ನಾನೇನು ಮೂಟೆನಾ ಸಾರ್? ಕೆರೆ ನೋಡಿದೀನಿ. ನನಗೆ ಬೇಕಾಗಿರೋದು ದಾರಿ."

ಮುಂದಿನ ಭಾನುವಾರವೂ ಅಡ್ಡ ನಿಂತಳು. ಅದರ ಮುಂದಿನ ವಾರವೂ. ಅವಳನ್ನು ಬೈದು ಬೈದು ಸುಸ್ತಾದ ಜನ ಕೊನೆಗೆ ಅಧಿಕಾರಿಯನ್ನೇ ಬೈಯತೊಡಗಿದರು. ಆಮೇಲೆ ಒಂದು ದಿನ ನಾವು ಹೋಗುವಾಗ ನಡುವಿನ ಕಂಬಿಯನ್ನು ಕೊಯ್ದು ತೆಗೆದಿದ್ದರು.

ಅಕ್ಕ ಒಳಗೆ ಹೋದಳು. ಜಲ್ಲಿಕಲ್ಲಿನ ಮೇಲೆ ಚಕ್ರ ಜಾರುತ್ತಿತ್ತು. ಹಿಂದಿನಿಂದ ಯಾರೋ ಹಿಡಿಕೆಗೆ ಕೈ ಹಾಕಿದರೆ, "ಕೈ ತೆಗೀರಿ," ಎಂದು ಗದರಿದಳು. ಮೊದಲ ಏರಿನ ತಿರುವಿನಲ್ಲಿ ದಪ್ಪನೆಯ ಮರದ ಬೇರು ದಾರಿಗೆ ಅಡ್ಡ ಮಲಗಿತ್ತು. ಮತ್ತೆ ಮತ್ತೆ ಯತ್ನಿಸಿದಳು. ಅಂಗೈ ಚರ್ಮ ಸುಲಿದು ರಕ್ತ ಬಂತು. ನಾನು ಹಿಡಿಕೆಯ ಹತ್ತಿರ ಬಂದೆ.

"ಒಂದೇ ಒಂದ್ಸಲ ತಳ್ಳಲೇನೇ?"

"ಬೇಡ್ವೇ. ಇವತ್ತಿಗೆ ಇಷ್ಟೇ. ವಾಪಸ್ ನಡಿ."

ಗೇಟಿನ ಹತ್ತಿರ ಅಧಿಕಾರಿ ನಿಂತಿದ್ದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಬೇಸರವಿತ್ತು. "ಅರ್ಧಕ್ಕೇ ಬಂದ್ಬಿಟ್ರಾ? ಇಷ್ಟಕ್ಕಾ ಅಮ್ಮ, ಅಷ್ಟೆಲ್ಲ ಗಲಾಟೆ ಮಾಡಿ ಗೇಟು ಕೊಯ್ಯಿಸಿದ್ದು?"

ಪಕ್ಕದ ಕಲ್ಲುಬೆಂಚಿನ ಮೇಲೆ ಹೊಸ ಬೂಟು ತೊಟ್ಟ ದಢೂತಿ ಆಸಾಮಿಯೊಬ್ಬ ಏದುಸಿರು ಬಿಡುತ್ತ ಕೂತಿದ್ದ. ಅಕ್ಕ ಅವನ ಕಡೆ ಕೈ ತೋರಿಸಿದಳು.

"ಇವರೂ ಅದೇ ಏರಿಂದ ವಾಪಸ್ ಬಂದ್ರು. ಇವರನ್ನ ಕೇಳಿದ್ರಾ?"

ಅಧಿಕಾರಿ ಬೆಂಚಿನ ಕಡೆ ತಿರುಗಿ ನೋಡಿದರು.

"ಸೋಲೋದಾದ್ರೆ ಒಳಗೆ ಹೋಗಿ ಸೋಲ್ತೀನಿ ಸಾರ್, ಬಾಗಿಲಲ್ಲಿ ಅಲ್ಲ. ಬರೋ ವಾರಾನೂ ಬರ್ತೀನಿ."