ನಾವು ಸೇರದ ಕಾಯಿದೆ

ಹಾಲೆಂಡಿನಿಂದ ಬಂದ ಪತ್ರವನ್ನು ಅಪ್ಪ ಅಂಚೆಯವನಿಂದ ತಗೊಂಡು, ಒಡೆಯದೆ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಹೂವಿನ ಹಿಪ್ಪರಗಿಯಿಂದ ಸಿಂದಗಿಗೆ ಬಂದಿದ್ದ. ನಾನು ಆಗ ಸಿಂದಗಿ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಆ ಕೋರ್ಟಿಗೆ ಕರಿ ಕೋಟು ಹಾಕಿಕೊಂಡು ಹೋದ ಮೊದಲ ಹೆಂಗಸು ನಾನೇ ಇರಬೇಕು. ಕಟ್ಟೆಯ ಮೇಲೆ ಕೂತ ಕಕ್ಷಿದಾರರು ನನ್ನನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು.

"ಓದಿ ಹೇಳು," ಅಂದ ಅಪ್ಪ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಲಕೋಟೆಯ ಮೇಲೆ ತನ್ನ ಮಾಲು ಕೊಂಡ ವ್ಯಾಪಾರಿಯ ಹೆಸರಿಲ್ಲದೆ ಬೇರೆ ಯಾರದೋ ಹೆಸರು ಅಚ್ಚಾಗಿದೆ ಎಂಬುದು ಅವನಿಗೆ ಗೊತ್ತಾಗಿತ್ತು. ಅದು ವಕೀಲರ ಪತ್ರ.

ಅಪ್ಪ ಕಾಳುಕಡಿ ವ್ಯಾಪಾರಿ. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಇಂಡಿ ಕಡೆಯ ರೈತರಿಂದ ಗುರೆಳ್ಳು ಕೊಂಡು ಬೊಂಬಾಯಿಯ ದಲಾಲನಿಗೆ ಕೊಡುತ್ತಿದ್ದ. ಹಿಂದಿನ ವರ್ಷ ಆ ದಲಾಲ, ಪರದೇಶದಲ್ಲಿ ಪಂಜರದ ಹಕ್ಕಿಗಳಿಗೆ ಗುರೆಳ್ಳು ಹಾಕುತ್ತಾರೆ, ನೇರವಾಗಿ ನಿಮ್ಮ ಹೆಸರಲ್ಲೇ ಮಾರಿಸುತ್ತೇನೆ ಎಂದು ಆಸೆ ಹಚ್ಚಿದ್ದ. "ನಾವು ಚಟ್ನಿ ಮಾಡಿ ತಿನ್ನೂದನ್ನ ಅಲ್ಲಿ ಗುಬ್ಬಿ ತಿಂತಾವಂತ!" ಎಂದು ಅಪ್ಪ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಹಾಲೆಂಡಿನ ವ್ಯಾಪಾರಿಯ ಕರಾರಿನ ಕಾಗದ ಓದಿ, "ಏನೂ ತೊಂದರಿ ಇಲ್ಲಪ್ಪಾ, ಸಹಿ ಮಾಡು" ಎಂದವಳು ನಾನು. ಒಂದೇ ಪುಟದ ಕರಾರು. ಜಗಳ ಬಂದರೆ ಯಾವ ದೇಶದ ಕಾಯಿದೆ ನಡೆಯಬೇಕು ಎಂದು ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅಂಥ ಸಾಲೊಂದು ಬೇಕು ಅನ್ನುವುದೂ ನನಗೆ ಹೊಳೆದಿರಲಿಲ್ಲ.

ಪತ್ರದಲ್ಲಿ ಹೀಗಿತ್ತು: ನೀವು ಕಳಿಸಿದ ಗುರೆಳ್ಳಿನಲ್ಲಿ ಕಳೆಯ ಬೀಜ ಸಿಕ್ಕಿವೆ. ಬೇರಿಲ್ಲದೆ, ಎಲೆಯಿಲ್ಲದೆ, ಹಳದಿ ನೂಲಿನ ಹಾಗೆ ಬೆಳೆಯ ಮೈಮೇಲೆ ಹಬ್ಬಿ ಅದರ ಜೀವ ಹೀರುವ ಬಳ್ಳಿಯ ಬೀಜ. ಅಂತರರಾಷ್ಟ್ರೀಯ ಮಾರಾಟದ ಏಕರೂಪ ಕಾಯಿದೆಯ ಪ್ರಕಾರ ಇದಕ್ಕೆ ನೀವೇ ಹೊಣೆ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಇಲ್ಲಿಯ ನ್ಯಾಯಾಲಯಕ್ಕೆ ಹೋಗುತ್ತೇವೆ. ಜೊತೆಗೆ ಆ ಕಾಯಿದೆಯ ಫೋಟೋಸ್ಟಾಟ್ ಪ್ರತಿ.

ಅದು ತುರ್ತು ಪರಿಸ್ಥಿತಿಯ ಕಾಲ. ಪರದೇಶದ ವ್ಯವಹಾರದಲ್ಲಿ ತಪ್ಪು ಮಾಡಿದವರನ್ನು ವಿಚಾರಣೆಯಿಲ್ಲದೆ ಒಳಗೆ ಹಾಕುತ್ತಾರೆ ಎಂಬ ಸುದ್ದಿ ದಿನಕ್ಕೊಂದು ಬರುತ್ತಿತ್ತು. ಯಾವುದು ನಿಜ, ಯಾವುದು ಸುಳ್ಳು ಎಂದು ಕೇಳುವುದಕ್ಕೂ ಜನ ಅಂಜುತ್ತಿದ್ದರು. ಅಪ್ಪ ಪತ್ರದ ಸಾರ ಕೇಳಿ ಒಂದೇ ಮಾತು ಕೇಳಿದ: "ನನ್ನ ಹಿಡಕೊಂಡು ಹೋಗ್ತಾರೇನು?"

"ಇಲ್ಲ," ಅಂದೆ. ಅದು ನನಗೂ ಖಾತ್ರಿ ಇರಲಿಲ್ಲ.

ನಮ್ಮ ಹಿರಿಯ ವಕೀಲರು ಪತ್ರವನ್ನು ಅರ್ಧ ಓದಿ ಮೇಜಿನ ಮೇಲೆ ಒಗೆದರು. "ಈ ಕಾಯಿದಿಗೆ ನಮ್ಮ ಸರಕಾರ ಸಹಿ ಮಾಡಿಲ್ಲ. ಸಹಿ ಮಾಡದ ಕಾಯಿದಿ ನಮಗ ಹೆಂಗ ಹತ್ತತೈತಿ? ಒಲಿಗೆ ಹಾಕು."

ಅಪ್ಪನಿಗೆ ಅದನ್ನೇ ಹೇಳಿ ಬಸ್ಸು ಹತ್ತಿಸಿದೆ. ಆದರೆ ಫೋಟೋಸ್ಟಾಟ್ ಪ್ರತಿಯನ್ನು ಒಲೆಗೆ ಹಾಕುವ ಧೈರ್ಯ ಬರಲಿಲ್ಲ. ಮರುದಿನ ಮಧ್ಯಾಹ್ನ ಕೂತು ಮೊದಲ ಕಲಮು ಓದಿದೆ. ಕೊಳ್ಳುವವನೂ ಮಾರುವವನೂ ಬೇರೆ ಬೇರೆ ದೇಶದಲ್ಲಿ ವ್ಯಾಪಾರ ಮಾಡುವವರಾಗಿರಬೇಕು ಎಂದಿತ್ತು. ಬೇರೆ ಬೇರೆ ದೇಶ, ಅಷ್ಟೇ. ಆ ಎರಡೂ ದೇಶಗಳು ಈ ಕಾಯಿದೆಗೆ ಸೇರಿರಬೇಕು ಎಂದು ಎಲ್ಲಿಯೂ ಇರಲಿಲ್ಲ. ಮತ್ತೊಮ್ಮೆ ಓದಿದೆ. ಬೆರಳಿಟ್ಟು ಒಂದೊಂದೇ ಶಬ್ದ ಓದಿದೆ. ಇರಲಿಲ್ಲ. ನಾವು ಸೇರದೆ ಇದ್ದರೂ ಈ ಕಾಯಿದೆ ಹಿಪ್ಪರಗಿಯ ನಮ್ಮ ಅಂಗಡಿಯ ತನಕ ಬರಬಹುದು. ಹಿರಿಯರಿಗೆ ಹೇಳಲು ಹೋದೆ. ಅವರು ಬೇರೆ ಕಕ್ಷಿದಾರನ ಜೊತೆ ಮಾತಾಡುತ್ತಿದ್ದರು. ಹೇಳದೆ ಬಂದೆ.

ಧಾರವಾಡದಲ್ಲಿ ನನಗೆ ಕರಾರಿನ ಕಾನೂನು ಕಲಿಸಿದ ಗುರುಗಳು ನಿವೃತ್ತರಾಗಿ ಇಂಡಿ ತಾಲೂಕಿನ ಲಚ್ಯಾಣಕ್ಕೆ ಬಂದು ನೆಲೆಸಿದ್ದರು. ಒಂದು ಕಾಲಕ್ಕೆ ದಿಲ್ಲಿಯವರು ಇಂಥ ವಿಷಯಕ್ಕೆ ಅವರ ಸಲಹೆ ಕೇಳುತ್ತಿದ್ದರು; ಆಮೇಲೂ ಯಾರೋ ಹಳೆಯ ಸ್ನೇಹಿತರು ವಿಶ್ವಸಂಸ್ಥೆಯ ವರದಿಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ರವಿವಾರ ಇಂಡಿಗೆ ಹೋಗಿ, ಅಲ್ಲಿಂದ ಲಚ್ಯಾಣ ಮುಟ್ಟಿದೆ. ಮಠದ ಹಿಂದಿನ ಓಣಿಯಲ್ಲಿ ಅವರ ಮನೆ. ಗುರುಗಳು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಕೈ ಒರೆಸಿಕೊಂಡು ಪತ್ರ ಓದಿದರು.

"ಸಹಿ ಮಾಡಿಲ್ಲಂದ್ರ ಹತ್ತೂದಿಲ್ಲ ಅಂತ ಯಾರು ಹೇಳಿದ್ರು?"

"ನಮ್ಮ ಹಿರಿಯರು ಹೇಳಿದ್ರು ಸರ್."

"ಅವರು ಇದನ್ನ ಓದ್ಯಾರೇನು?"

"ಇಲ್ರಿ."

"ನೀ ಓದೀದಿ. ಅದಕ್ಕ ಅಂಜೀದಿ. ನಿನ್ನ ಅಂಜಿಕಿ ಖರೇನ ಐತಿ. ಕೇಸು ಅಲ್ಲಿ ಹಾಕಿದ್ರ ಅಲ್ಲಿಯ ನ್ಯಾಯಾಧೀಶ ತನ್ನ ದೇಶದ ಕಾಯಿದಿ ನೋಡ್ತಾನ. ಅವನ ದೇಶ ಇದನ್ನ ತನ್ನದು ಮಾಡಿಕೊಂಡೈತಿ. ನಿಮ್ಮಪ್ಪ ಬೇರೆ ದೇಶದಾವ. ಕಾಯಿದಿಗೆ ಅಷ್ಟು ಸಾಕು."

ಇಷ್ಟು ಹೇಳಿ ಗುರುಗಳು ಎದ್ದು ಒಳಗೆ ಹೋಗಿ ಒಂದು ದಪ್ಪ ಕಡತ ತಂದರು.

"ಆದ್ರ ದೇಶಗಳು ಇಂಥ ಒಪ್ಪಂದಕ್ಕ ಸುಮ್ಮನ ಸೇರೂದಿಲ್ಲ, ತಂಗಿ. ನೆಂಟರು ಊಟಕ್ಕ ಬಂದಂಗ. ಒಬ್ಬಾವ ಅಂತಾನ, ಬರ್ತೇನಿ, ಆದ್ರ ಉಳ್ಳಾಗಡ್ಡಿ ತಿನ್ನೂದಿಲ್ಲ. ಇನ್ನೊಬ್ಬಾವ ಅಂತಾನ, ನಿಮ್ಮ ಮನಿಯವರ ಪಂಕ್ತಿಯೊಳಗ ಮಾತ್ರ ಕೂಡ್ತೇನಿ. ಹಂಗ ಶರತ್ತು ಹಾಕಿ ಸೇರಾಕ ಈ ಒಪ್ಪಂದದೊಳಗ ಅವಕಾಶ ಐತಿ. ಇಂಗ್ಲೆಂಡ್ ಏನು ಮಾಡೇತಿ ಗೊತ್ತೇನು? ಸೇರೇತಿ, ಆದ್ರ ಕೊಳ್ಳಾವ ಮಾರಾವ ಇಬ್ಬರೂ ಬಾಯಿಬಿಟ್ಟು ಈ ಕಾಯಿದಿ ಬೇಕು ಅಂದ್ರ ಮಾತ್ರ ನಡೀತೈತಿ ಅಂದೈತಿ. ಎಲಿ ಹಾಕಿಸಿಕೊಂಡು ಉಪಾಸ ಕುಂತಂಗ."

"ಮತ್ತ ಹಾಲೆಂಡ್, ಸರ್?"

ಅವರು ಹಾಳೆ ತಿರುವುತ್ತಲೇ ಇದ್ದರು. ಆ ಹೊತ್ತು ಎಷ್ಟೆಂದು ನನಗೆ ಈಗಲೂ ಹೇಳಲಾಗದು. ಕೊನೆಗೆ ಒಂದು ಸಾಲಿನ ಕೆಳಗೆ ಉಗುರಿನಿಂದ ಗೀರಿ ತೋರಿಸಿದರು. ಹಾಲೆಂಡ್ ಸೇರುವಾಗ ಶರತ್ತು ಹಾಕಿತ್ತು: ಎರಡೂ ಕಡೆಯವರು ಈ ಒಪ್ಪಂದಕ್ಕೆ ಸೇರಿದ ದೇಶಗಳವರಾಗಿದ್ದರೆ ಮಾತ್ರ ಕಾಯಿದೆ ನಡೆಯುತ್ತದೆ.

"ಅಂದ್ರ ನಮಗ ಹತ್ತೂದಿಲ್ಲ!" ಎಂದು ನಾನು ಜೋರಾಗಿಯೇ ಅಂದೆ. ಒಳಗಿನಿಂದ ಅವರ ಹೆಂಡತಿ ಇಣುಕಿ ನೋಡಿದರು.

"ಹತ್ತೂದಿಲ್ಲ. ಆ ವಕೀಲ ಒಂದೋ ಮರೆತಾನ, ಇಲ್ಲಾ ಹಳ್ಳಿಯವರಿಗೇನು ತಿಳೀತೈತಿ ಅಂದುಕೊಂಡಾನ." ಗುರುಗಳು ನಗಲಿಲ್ಲ. "ಆದ್ರ ಇದನ್ನ ಬ್ಯಾಡ ಅನ್ನೂಕಿಂತ ಮೊದಲ ಇದರೊಳಗ ಏನೈತಿ ನೋಡು. ಮಾಲು ಮುಟ್ಟಿದ್ದು ಯಾವಾಗ?"

"ಯುಗಾದಿ ಮುಂದ."

"ಪತ್ರ ಬಂದದ್ದು ನವರಾತ್ರಿಗೆ. ಈ ಕಾಯಿದಿ ಪ್ರಕಾರ ಕೊಂಡಾವ ಮಾಲನ್ನ ಲಗೂನ ಪರೀಕ್ಷೆ ಮಾಡಬೇಕು, ದೋಷ ಕಂಡ್ರ ಲಗೂನ ತಿಳಿಸಬೇಕು. ಇಲ್ಲಾಂದ್ರ ಅವನ ಹಕ್ಕು ಹೋತು. ನೀವು ಅಂಜಿ ಓಡಿಹೋಗಾಕತ್ತಿದ್ದ ಕಾಯಿದಿನ ನಿಮ್ಮನ್ನ ಕಾಯತೈತಿ. ನೀವೂ ಒಪ್ಪಿದ್ರಿ ಅಂದ್ರ ಅವನ ಮಾತಿನಿಂದಲೇ ಅವನನ್ನ ಕಟ್ಟಬಹುದು."

ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಅಷ್ಟರಲ್ಲಿ ಅವರು ಮುಂದಿನ ಕಲಮು ಓದಿದರು. ಮಾಲಿನ ದೋಷ ಮಾರಿದವನಿಗೆ ಮೊದಲೇ ಗೊತ್ತಿದ್ದು ಅವನು ಹೇಳದೆ ಇದ್ದರೆ, ಕೊಂಡವನು ತಡ ಮಾಡಿದ ಎಂಬ ನೆವ ಅವನಿಗೆ ಸಿಗುವುದಿಲ್ಲ.

"ಹೋಗಿ ನಿಮ್ಮಪ್ಪನ್ನ ಕೇಳು," ಅಂದರು.

ಇಂಡಿಯಿಂದ ಬಾಗೇವಾಡಿಗೆ, ಬಾಗೇವಾಡಿಯಿಂದ ಹಿಪ್ಪರಗಿಗೆ. ಬಸ್ಸಿನಲ್ಲಿ ಕಿಟಕಿಯ ಕಂಬಿ ಹಿಡಿದು ಕೂತವಳು ಊರು ಬರುವ ತನಕ ಕೈ ಬಿಡಲಿಲ್ಲ. ಅಲ್ಲಿಯ ತನಕ ನನಗೆ ಪರದೇಶದ ಕೋರ್ಟಿನ ಅಂಜಿಕೆ, ಪೊಲೀಸರ ಅಂಜಿಕೆ, ನನ್ನ ತಪ್ಪು ಎಲ್ಲರಿಗೂ ತಿಳಿಯುವ ಅಂಜಿಕೆ. ಇದು ಬೇರೆಯದು. ಅಪ್ಪ ಹೌದು ಅಂದರೆ ಏನು ಮಾಡುವುದು? ಗಿರಾಕಿಗಳಿಗೆ ತೂಗಿ ಕೊಡುವಾಗ ಅವನು ಒಂದು ಹಿಡಿ ಹೆಚ್ಚಿಗೆ ಹಾಕುವುದನ್ನು ನೋಡುತ್ತ ಬೆಳೆದವಳು ನಾನು.

ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಬಾಗಿಲು ಮುಂದಕ್ಕೆ ಮಾಡಿ ಕೂತು ಕೇಳಿದೆ: "ಅಪ್ಪಾ, ಆ ಹಳದಿ ಬಳ್ಳಿ ಬೀಜ ಕೂಡೇತಿ ಅಂತ ನಿನಗ ಗೊತ್ತಿತ್ತೇನು?"

ಅವನು ತಕ್ಕಡಿಯ ಸರಪಳಿಯನ್ನು ಬೆರಳಿನಿಂದ ಸರಿಮಾಡುತ್ತಿದ್ದ. ಅದು ಸರಿಯಾಗಿಯೇ ಇತ್ತು.

"ಮಸೂತಿ ಊರಾಗ ಒಂದು ಹೊಲದ ಬದುವಿಗೆ ಆ ಬಳ್ಳಿ ಇತ್ತು. ನೋಡಿದ್ದೆ. ಮಾಲು ಬಂದ ಮ್ಯಾಲೆ ಸಣ್ಣ ಸಾಣಿಗಿ ಹಿಡಿಸಿದೆ, ಎರಡ ಸಲ. ಹೋಗಿರಬೇಕು ಅನಕೊಂಡೆ."

"ಹೋಗಿರಬೇಕು ಅನಕೊಂಡಿ, ಇಲ್ಲಾ ಹೋಗೇತಿ ಅಂತ ಗೊತ್ತಿತ್ತು?"

"ವಕೀಲರಂಗ ಕೇಳಬ್ಯಾಡ," ಎಂದ. ಆಮೇಲೆ ತಾನೇ ಹೇಳಿದ: "ಅನಕೊಂಡೆ."

ನಾನು ಗುರುಗಳು ಹೇಳಿದ ಮೂರೂ ಮಾತು ಅವನಿಗೆ ಬಿಡಿಸಿ ಹೇಳಿದೆ. ಕಾಯಿದೆ ನಮಗೆ ಹತ್ತುವುದಿಲ್ಲ ಎನ್ನಬಹುದು. ಆಗ ಅವರು ಬೇರೆ ಕಾಯಿದೆ ಹಿಡಿದು ಬರಬಹುದು, ಯಾವುದು ಎಂದು ಈಗ ಹೇಳಲಾಗದು. ಇಲ್ಲವೆ ನಾವಾಗಿಯೇ ಈ ಕಾಯಿದೆ ಒಪ್ಪಿ, ನೀವು ತಡ ಮಾಡಿದಿರಿ ಎನ್ನಬಹುದು. ಆದರೆ ಆಗ ಅವರು, ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಬಹುದು. ಮಸೂತಿಯ ಮಾತು ಬರೆಯದೆ ಬಿಟ್ಟರೆ ಅದು ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಈ ಕೊನೆಯ ಮಾತನ್ನು ನಾನು ನೆಲ ನೋಡುತ್ತ ಹೇಳಿದೆ. ಹೇಳಬಾರದಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

"ಮಸೂತಿ ಮಾಲಿನ ಚೀಲಕ್ಕ ಗುರುತಿಗೆ ಅಂತ ಕೆಂಪು ದಾರ ಹೊಲಿಸಿದ್ದೆ," ಎಂದ ಅಪ್ಪ. "ಬರಿ. ಅದನ್ನೂ ಬರಿ."

"ಬರದ್ರ ನಮ್ಮ ಕೈಯಾರ ನಾವ ಕೊಟ್ಟಂಗ ಆಗತೈತಪ್ಪಾ."

"ಬರಿ ಅಂದ್ನೆಲ್ಲ."

ಸಿಂದಗಿಯಲ್ಲಿ ಟೈಪ್ ಮಾಡಿಸಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಮುದ್ದೇಬಿಹಾಳದಲ್ಲಿ ಸಾಲಿ ಮಾಸ್ತರನಾಗಿದ್ದ ಸೋದರಮಾವನ ಮನೆಯಲ್ಲಿ ಇಂಗ್ಲಿಷ್ ಟೈಪ್‌ರೈಟರ್ ಇತ್ತು. ಅಲ್ಲಿಗೆ ಹೋಗಿ ನಾನೇ ಎರಡು ಬೆರಳಿನಿಂದ ಟೈಪ್ ಮಾಡಿದೆ: ನೀವು ಹೆಸರಿಸಿದ ಕಾಯಿದೆ ನಿಮ್ಮ ದೇಶದ ಶರತ್ತಿನಿಂದಾಗಿ ನಮಗೆ ಅನ್ವಯಿಸುವುದಿಲ್ಲ. ಆದರೂ ನೀವು ಅದನ್ನೇ ಬಯಸಿದ್ದರೆ ನಾವೂ ಒಪ್ಪುತ್ತೇವೆ. ಹಾಗಾದರೆ ಮಾಲನ್ನು ಯಾವಾಗ ಪರೀಕ್ಷಿಸಿದಿರಿ ಎಂದು ತಿಳಿಸಿ. ಕೊನೆಯಲ್ಲಿ ಮಸೂತಿಯ ಬದು, ಸಾಣಿಗೆ, ಕೆಂಪು ದಾರ. ಆ ಕೊನೆಯ ಸಾಲುಗಳಿಗೆ ಬಂದಾಗ ಬೆರಳು ತಪ್ಪಿ ತಪ್ಪಿ ಮೂರು ಹಾಳೆ ಹಾಳಾದವು. ಮಾವ ಒಂದೂ ಪ್ರಶ್ನೆ ಕೇಳದೆ ಹೊಸ ಹಾಳೆ ಕೊಡುತ್ತ ಹೋದ. ಅಂಚೆ ಕಚೇರಿಯಲ್ಲಿ ರಜಿಸ್ಟರ್ ಮಾಡಿಸಿ ಹೊರಗೆ ಬಂದವಳೇ, ಒಳಗೆ ಹೋಗಿ ಅದನ್ನು ವಾಪಸ್ಸು ಕೇಳಲೇ ಎಂದು ಮೆಟ್ಟಿಲ ಮೇಲೆ ನಿಂತೆ. ಬಸ್ಸು ಬಂತು. ಹತ್ತಿದೆ.

ಆಮೇಲಿನ ಏಳು ವಾರ ಹೇಗೆ ಕಳೆದೆವೋ. ಅವ್ವನಿಗೆ ನಾವು ಏನೂ ಹೇಳಿರಲಿಲ್ಲ. ಆಕೆ ಇಬ್ಬರ ಮುಖ ನೋಡಿ, ನನಗೆ ಗಂಡು ಹುಡುಕುವ ವಿಷಯಕ್ಕೆ ಜಗಳ ಆಗಿದೆ ಎಂದುಕೊಂಡಿದ್ದಳು. ಒಂದು ದಿನ ಬೆಳಿಗ್ಗೆ ನಾನು ಊರಲ್ಲಿದ್ದಾಗ ಸರಕಾರಿ ಜೀಪೊಂದು ಅಂಗಡಿಯ ಮುಂದೆ ನಿಂತಿತು. ಖಾಕಿಯವನೊಬ್ಬ ಇಳಿದ. ಅಪ್ಪ ಎದ್ದು, ರುಮಾಲು ಸರಿಮಾಡಿಕೊಂಡು, ಗೋಡೆಗೆ ತೂಗುಹಾಕಿದ್ದ ಕೋಟು ಹಾಕಿಕೊಂಡ. ಗುಂಡಿ ಹಾಕಲು ಅವನ ಕೈಗೆ ಆಗಲಿಲ್ಲ, ನಾನು ಹಾಕಿದೆ. ಇಬ್ಬರೂ ಬಾಗಿಲಿಗೆ ಬಂದೆವು.

"ದವಾಖಾನಿ ಯಾವ ಕಡೆ ಐತ್ರಿ? ನಮ್ಮ ಸಾಹೇಬರಿಗೆ ಜ್ವರ ಬಂದೈತಿ," ಎಂದ ಖಾಕಿಯವ. ಅವನು ಡ್ರೈವರ್.

ಅಪ್ಪ ಕೈ ಎತ್ತಿ ದಾರಿ ತೋರಿಸಿದ. ಜೀಪು ಹೋದ ಮೇಲೂ ಆ ಕೈ ಹಾಗೆಯೇ ಇತ್ತು. ಆಮೇಲೆ ಅಲ್ಲೇ ಚೀಲದ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಉತ್ತರ ಬಂದಾಗ ಈ ಸಲ ಅವನೇ ಲಕೋಟೆ ಒಡೆದು ತಂದಿದ್ದ. ವಕೀಲನದಲ್ಲ, ವ್ಯಾಪಾರಿಯೇ ಬರೆದದ್ದು. ಅದರಲ್ಲಿ ಹೀಗಿತ್ತು: ಕೆಂಪು ದಾರದ ಚೀಲಗಳನ್ನು ಬೇರೆ ತೆಗೆಸಿ ನೋಡಿದೆವು. ಕಳೆಯ ಬೀಜ ಅವುಗಳಲ್ಲಿ ಮಾತ್ರ ಇದ್ದವು. ಯಾವ ಚೀಲ ಎಂದು ತಿಳಿಯದೆ ಅಷ್ಟೂ ಮಾಲನ್ನು ತಡೆದಿಟ್ಟಿದ್ದೆವು. ಈಗ ಉಳಿದದ್ದನ್ನು ಮಾರಾಟಕ್ಕೆ ಬಿಟ್ಟಿದ್ದೇವೆ. ನಮ್ಮ ಕಡೆಯಿಂದ ಪರೀಕ್ಷೆ ತಡವಾದದ್ದು ನಿಜ. ನ್ಯಾಯಾಲಯಕ್ಕೆ ಹೋಗುವ ಮಾತು ಕೈಬಿಟ್ಟಿದ್ದೇವೆ. ಮುಂದಿನ ವರ್ಷವೂ ಮಾಲು ಬೇಕು, ಆದರೆ ಕರಾರು ಸರಿಯಾಗಿ ಬರೆಯೋಣ.

ಓದಿ ಹೇಳಿದೆ. ಅಪ್ಪ ಇನ್ನೊಮ್ಮೆ ಓದಿಸಿದ. "ತಡಾ ಆದದ್ದು ಖರೆ ಅಂತ ಅವನ ಬರದಾನೇನು?" ಎಂದು ಅದೊಂದು ಸಾಲನ್ನು ಮೂರನೆಯ ಸಲ ಕೇಳಿದ.

ಗುರುಗಳಿಗೆ ಹೇಳಲು ಲಚ್ಯಾಣಕ್ಕೆ ಹೋದಾಗ ಅವರು ಹೊಸ ವರದಿಯೊಂದನ್ನು ಓದುತ್ತಿದ್ದರು. ಹಳೆಯ ಒಪ್ಪಂದಕ್ಕೆ ಕೆಲವೇ ದೇಶಗಳು ಸೇರಿದ್ದರಿಂದ ವಿಶ್ವಸಂಸ್ಥೆಯವರು ಹೊಸದೊಂದರ ಕರಡು ಮಾಡುತ್ತಿದ್ದಾರಂತೆ. ಅದಕ್ಕೆ ನಮ್ಮ ದೇಶ ಸೇರುತ್ತದೆಯೇ ಎಂದು ಕೇಳಿದೆ. "ಯಾಂವ ಬಲ್ಲ? ಸೇರಿದ್ರೂ ಶರತ್ತು ಹಾಕೇ ಸೇರತೈತಿ," ಎಂದು ಚಹಾಕ್ಕೆ ಹೇಳಿದರು. ಆ ಹೊಸ ಒಪ್ಪಂದ ಬಂದು ಎಷ್ಟೋ ವರ್ಷಗಳಾದವು. ನಾವು ಇನ್ನೂ ಸೇರಿಲ್ಲ.

ಮುಂದಿನ ವರ್ಷದ ಕರಾರು ಬಂದಾಗ ಅಪ್ಪ ಅದನ್ನು ನನ್ನ ಮುಂದಿಟ್ಟು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಎರಡು ದಿನ ಓದಿದೆ. ಯಾವ ಕಾಯಿದೆ, ಯಾವ ಕೋರ್ಟು, ಎಷ್ಟು ದಿನದೊಳಗೆ ದೂರು ಎಂದು ಮೂರು ಸಾಲು ಸೇರಿಸಿದೆ. ಮೂರನೆಯ ದಿನ ಅವನನ್ನು ಒಳಗೆ ಕರೆದೆ. "ಸಹಿ ಮಾಡು" ಎಂಬ ಮಾತು ಮಾತ್ರ ಬಾಯಿಂದ ಬರಲಿಲ್ಲ. ಪೆನ್ನಿನ ಟೊಪ್ಪಿಗೆ ತೆಗೆದು ಅವನ ಕೈಗೆ ಕೊಟ್ಟೆ.