ಕಾವಿಯ ಕೆಳಗಿನ ಮಾತ್ರೆ

ಶಾರದಕ್ಕ, ನನ್ನ ಸರ್ಪಸುತ್ತು ವಾಸಿಯಾದದ್ದು ಕಾವಿಯಿಂದ ಅಲ್ಲ, ಮಾತ್ರೆಯಿಂದ. ಅದನ್ನು ಮುಚ್ಚಿಟ್ಟೆ. ನಿಮ್ಮ ಎಡಗಣ್ಣು ಹೋದದ್ದು ಅದರಿಂದ.

ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರ ಮೈಮೇಲೆ ಗುಳ್ಳೆಯ ಸಾಲು ಎದ್ದರೂ ನನ್ನ ಬಾಗಿಲು ತಟ್ಟುತ್ತಿದ್ದರು. ಅಜ್ಜ ಹೇಳಿಕೊಟ್ಟ ಮಂತ್ರ, ಕೆಮ್ಮಣ್ಣಿನ ಕಾವಿ, ಹಾವಿನ ಹೆಡೆ ಬಾಲ ಕೂಡದಂತೆ ಒಂದು ಗೆರೆ. ಹೆಚ್ಚಿನವರಿಗೆ ಅದು ತಾನಾಗಿಯೇ ಒಣಗುತ್ತದೆ. ಹೆಸರು ನನಗೆ ಬರುತ್ತಿತ್ತು. ಆಫೀಸಿನಲ್ಲಿ ಯಾರೂ ಕೇಳದ ಗುಮಾಸ್ತ ನಾನು — ಆ ಹೆಸರಿನ ಮೇಲೆ ನನಗೆ ಎಷ್ಟು ಆಸೆಯಿತ್ತು!

ಒಮ್ಮೆ ನನಗೇ ಬಂತು. ಮೊದಲು ಬೆನ್ನಿನ ಒಂದು ಪಕ್ಕ ಉರಿ, ಆಮೇಲೆ ಗುಳ್ಳೆ. ಹೆದರಿಕೆಯಾಯಿತು. ಗುರುತಿನವರಿಲ್ಲದ ದಾದರಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ಅಂಗಿ ಎತ್ತಿ ನೋಡಿದ್ದೇ ಗುರುತಿಸಿದರು: ಒಂದೇ ಪಕ್ಕಕ್ಕೆ ಪಟ್ಟಿಯಂತೆ ಬಂದಿದೆ, ರಕ್ತಪರೀಕ್ಷೆ ಬೇಡ. ಚಿಕ್ಕಂದಿನ ಸೀತಾಳೆ ಸಿಡುಬಿನ ವೈರಸ್ ನರದ ಬುಡದಲ್ಲಿ ಇಷ್ಟು ವರ್ಷ ಮಲಗಿದ್ದು ಎದ್ದಿದೆಯಂತೆ. ದಿನಕ್ಕೆ ಐದು ಸಲ ಮಾತ್ರೆ. ಗುಳ್ಳೆ ಎದ್ದ ಮೂರು ದಿನದೊಳಗೆ ಶುರುಮಾಡಬೇಕು. ನಾನು ಗುಂಡಿ ಹಾಕಿಕೊಳ್ಳುವಾಗ ಮತ್ತೊಂದು ಮಾತು ಹೇಳಿದರು — ಹಣೆಗೋ ಮೂಗಿನ ತುದಿಗೋ ಬಂದರೆ ಒಂದು ದಿನವೂ ಕಾಯಬಾರದು, ಕಣ್ಣಿಗೆ ಹೋಗುತ್ತದೆ.

ಮಾತ್ರೆ ಕದ್ದು ನುಂಗಿದೆ. ಮೇಲೆ ಕಾವಿ ಬಳಿದುಕೊಂಡೆ. ನೀವೆಲ್ಲ ನೋಡಿದ್ದು ಕಾವಿಯನ್ನು.

ಮರುವರ್ಷ ನೀವು ಬಂದಿರಿ. ಎಡಹಣೆಯ ತುಂಬ ಗುಳ್ಳೆ, ಮೂಗಿನ ತುದಿಯಲ್ಲೂ ಒಂದು.

"ಡಾಕ್ಟರ್ ಗೀಕ್ಟರ್ ಎಲ್ಲ ಬೇಡ ಮಾರಾಯ. ನಿನ್ನದು ವಾರದಲ್ಲಿ ಇಳೀಲಿಲ್ವಾ? ನೀನೇ ಹಚ್ಚು."

ನನಗೆ ಗೊತ್ತಿತ್ತು. ಗೊತ್ತಿದ್ದೂ ಬಟ್ಟಲಿಗೆ ಕೈ ಹಾಕಿದೆ. "ಹೆದರ್ಬೇಡಿ ಅಕ್ಕ," ಅಂದೆ. ಮರುದಿನ ನಿಮ್ಮ ಕಣ್ಣು ಕೆಂಪಾಗಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ — ಮೂರು ದಿನವೂ ಹಾಗೇ ಕಳೆಯಿತು. ಐದನೆಯ ದಿನ ನಿಮ್ಮ ಮಗ ಆಸ್ಪತ್ರೆಗೆ ಕರೆದೊಯ್ದ. ಕಪ್ಪುಗುಡ್ಡೆಯ ಮೇಲೆ ಬಿಳಿ ಕಲೆ ಉಳಿಯಿತು. ವಾಸುವಿನ ಕಾವಿಯಿಂದಾಗಿ ಒಂದಾದರೂ ಕಣ್ಣು ಉಳಿಯಿತು ಎಂದು ನೀವು ಎಲ್ಲರೆದುರು ನನ್ನನ್ನು ಹೊಗಳುವಾಗೆಲ್ಲ ನಾನು ಸುಮ್ಮನೆ ನಿಂತಿದ್ದೇನೆ. ಆರು ವರ್ಷ.

ಈಗ ಅರ್ಧ ಗಂಟೆಯ ಹಿಂದೆ ಫೋನ್ ಮಾಡಿದಿರಿ. ಮಾಟುಂಗದಿಂದ ನಿಮ್ಮ ತಂಗಿ ಬಂದಿದ್ದಾರೆ, ಹಣೆಯ ಮೇಲೆ ನಿನ್ನೆಯಿಂದ ಗುಳ್ಳೆ, ಸಂಜೆ ಕರೆತರುತ್ತೇನೆ, ಕಾವಿ ಅರೆದಿಡು ಎಂದಿರಿ.

"ಬೇಡ ಅಕ್ಕ, ಈಗ್ಲೇ ಕಣ್ಣಿನ ಡಾಕ್ಟರ್ ಹತ್ರ ಹೋಗಿ."

ನೀವು ನಕ್ಕಿರಿ. "ನಿಂಗೆ ಯಾವ ಡಾಕ್ಟರ್ ಗುಣ ಮಾಡಿದ್ದು?"

ಫೋನ್ ಇಟ್ಟು ಕಾಗದ ತೆಗೆದುಕೊಂಡೆ. ಬಾಯಲ್ಲಿ ಹೇಳಹೊರಟರೆ ಮತ್ತೆ ಸುಳ್ಳೇ ಬಂದೀತು ಎಂಬ ಭಯಕ್ಕೆ ಇದನ್ನು ಬರೆದೆ. ನೀವು ಕೇಳಿದ ಡಾಕ್ಟರ ಹೆಸರು ದಾದರಿನ ಈ ಹಳೆಯ ಔಷಧಿ ಚೀಟಿಯಲ್ಲಿದೆ. ಎರಡನ್ನೂ ಹಿಡಿದು ನಿಮ್ಮ ಮಹಡಿಗೆ ಬರುತ್ತಿದ್ದೇನೆ; ರಿಕ್ಷಾ ಕೆಳಗೆ ನಿಂತಿದೆ. ಮೊದಲು ತಂಗಿಯನ್ನು ಹತ್ತಿಸಿ, ಅಕ್ಕ. ನನ್ನನ್ನು ಏನನ್ನಬೇಕೋ ಆಮೇಲೆ ಅನ್ನಿ.