ಆ ಹಾಡೊಂದು ಬ್ಯಾಡ್ರಿ

ಮಂಜು ಇನ್ನೂ ಹರಿದಿಲ್ಲ. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಊರಾಚೆ, ಭತ್ತ ಕೊಯ್ದ ಹೊಲದಲ್ಲಿ ಭೀಮವ್ವ ಕುರಿ ಕೂಡಿದ ಬಲೆಯ ಮೂಲೆ ಎತ್ತಿ ಬಾಣಂತಿ ಕುರಿಗಳನ್ನು ಬೇರೆ ಮಾಡುತ್ತಿದ್ದಾರೆ. ಕಂಕುಳಲ್ಲಿ ನಿನ್ನೆ ಹುಟ್ಟಿದ ಮರಿ. ಕೊರಳಲ್ಲಿ ಬಟ್ಟೆಯ ಚೀಲ, ಅದರೊಳಗೆ ಹಳೆಯ ಬಟನ್ ಮೊಬೈಲು. ಕೈ ಕೆಲಸ ಮಾಡುತ್ತಿದೆ, ಕಣ್ಣು ಮಾತ್ರ ರಸ್ತೆಯಾಚೆಯ ಅಕ್ಕಿ ಗಿರಣಿಯ ಕಡೆಗೇ ಹೋಗುತ್ತಿದೆ. ಗಿರಣಿಯ ಅಂಗಳದಲ್ಲಿ ಎರಡಾಳೆತ್ತರದ ಸ್ಪೀಕರುಗಳನ್ನು ಲಾರಿಯಿಂದ ಇಳಿಸುತ್ತಿದ್ದಾರೆ.

‘ಅಷ್ಟು ದೊಡ್ಡವು ಯಾಕ ಬೇಕಿತ್ತ್ರಿ ಸರ?’ ಎಂದು ನನ್ನನ್ನೇ ಕೇಳುತ್ತಾರೆ. ‘ಸುದ್ದಿ ಕೇಳಿ ಮೂರು ದಿನ ಆತು, ಊಟ ಸೇರವಲ್ದು.’

ನಾನು ರಾಯಚೂರಿನಿಂದ ಬಂದದ್ದು ಕುರಿ ಕಾಯುವ ಹೆಣ್ಣುಮಗಳೊಬ್ಬರ ಬಗ್ಗೆ ಬರೆಯಲಿಕ್ಕೆ. ಬಂದಾಗ ಸಿಕ್ಕಿದ್ದು ಸಂಕಟದಲ್ಲಿದ್ದ ಅಭಿಮಾನಿ. ಸಂಜೆ ಆ ಅಂಗಳದಲ್ಲಿ ‘ನಾಲ್ಕು ದಾರಿ’ ತಂಡದ ಹಾಡು. ಕ್ಯಾಸೆಟ್ಟಿನ ಕಾಲದಲ್ಲಿ ಗಿಟಾರು ಹಿಡಿದು ಕನ್ನಡದಲ್ಲಿ ಪಾಪ್ ಹಾಡಿದ ನಾಲ್ವರು ಹುಡುಗರು, ಈಗ ನಾಲ್ವರೂ ಅಜ್ಜಂದಿರು. ಗಿರಣಿಗೆ ಇಪ್ಪತ್ತೈದು ತುಂಬಿತೆಂದು ಮಾಲೀಕ ಕೊಟ್ರೇಶ ಕರೆಸಿದ್ದಾರೆ. ಭೀಮವ್ವ ಈ ನಾಲ್ವರನ್ನು ಕಣ್ಣಾರೆ ಕಂಡವರಲ್ಲ. ಕಾಣುವ ಆಸೆಯನ್ನು ಮೂವತ್ತು ವರ್ಷದಿಂದ ಹೊತ್ತು ತಿರುಗುತ್ತಿದ್ದಾರೆ.

ಅರಕೇರಾ ಅವರ ಊರು. ಸುಗ್ಗಿ ಮುಗಿದರೆ ಭೀಮವ್ವ ಮತ್ತು ಗಂಡ ಸಿದ್ರಾಮ ಇನ್ನೂರರ ಹತ್ತಿರದ ಹಿಂಡು ಕಟ್ಟಿಕೊಂಡು ದೇವದುರ್ಗ ದಾಟಿ ಕಾಲುವೆ ನೀರಿನ ಸೀಮೆಗೆ ಇಳಿಯುತ್ತಾರೆ. ಹಗಲು ಮೇಯಿಸುವುದು, ಸಂಜೆ ಯಾರದಾದರೂ ಹೊಲದಲ್ಲಿ ಬಲೆ ಕಟ್ಟಿ ಕುರಿ ನಿಲ್ಲಿಸುವುದು. ಹಿಕ್ಕೆ ಬಿದ್ದ ನೆಲಕ್ಕೆ ಬೇರೆ ಗೊಬ್ಬರ ಬೇಡ. ದಿನಕ್ಕೆ ಮೂರು ಹರದಾರಿ ನಡಿಗೆ, ಬಂಡೆಯ ಮೇಲೆ ರೊಟ್ಟಿ, ಆಕಾಶದ ಕೆಳಗೆ ಹಾಸಿಗೆ. ಮಳೆ ಬಂದರೆ ಮೊದಲು ಮರಿಗಳ ಮೇಲೆ ಕಂಬಳಿ, ಉಳಿದರೆ ತಮಗೆ.

ಹಾಡು ಅಂಟಿಕೊಂಡದ್ದು ಹುಡುಗಿಯಾಗಿದ್ದಾಗ, ದೇವದುರ್ಗದ ಸಂತೆಯಲ್ಲಿ. ಮೀರಾಹುಸೇನ ಎಂಬವರ ಗಡಿಯಾರದ ಅಂಗಡಿಯಲ್ಲಿ ಟೇಪು ಹಾಡುತ್ತಿತ್ತು: ‘ಹೊತ್ತು ಮುಳುಗಿತು, ಮನೆಗೆ ಬಾ.’ ‘ಅಂಗಡಿ ಮುಂದ ನಿಂತು ನಿಂತು ಬದನಿಕಾಯಿ ತಗೊಳ್ಳೋದ ಮರ್ತೆ. ಅವ್ವ ಬಾರಕೋಲು ತಗೊಂಡ್ಳು’ ಎಂದು ಈಗಲೂ ಬೆನ್ನು ಸವರಿಕೊಳ್ಳುತ್ತಾರೆ. ಮೊಬೈಲು ಬಂದಮೇಲೆ ಹಾಡು ಚೀಲಕ್ಕೆ ಬಂತು. ಒಂದು ಸಂಜೆ ಅದನ್ನು ಹಚ್ಚಿಕೊಂಡು ಮುಂದೆ ನಡೆದರೆ, ಕೂಗದೆ ಕರೆಯದೆ ಇಡೀ ಹಿಂಡು ಹಿಂದೆ ಬಂದಿತ್ತಂತೆ. ಅಂದಿನಿಂದ ಅದೇ ರೂಢಿ. ಸಂಜೆಯಾದರೆ ಗುಂಡಿ ಒತ್ತುತ್ತಾರೆ, ಚದುರಿದ ಕುರಿಗಳು ತಲೆಯೆತ್ತಿ ಕೂಡಿಕೊಳ್ಳುತ್ತವೆ. ನನಗೆ ತೋರಿಸಲೆಂದು ಬೆಳಿಗ್ಗೆಯೇ ಒಮ್ಮೆ ಒತ್ತುತ್ತಾರೆ. ಚೀಲದೊಳಗಿನಿಂದ ಕರಕರ ದನಿಯಲ್ಲಿ ಹಾಡು ಶುರುವಾಗುತ್ತದೆ, ಜೊತೆಗೆ ಭೀಮವ್ವನ ತುಟಿಯೂ ಅಲ್ಲಾಡುತ್ತದೆ. ಗಂಟೆ ಕಟ್ಟಿದ ಟಗರು ಮೊದಲು ಬಂದು ಸೀರೆಗೆ ಮೂತಿ ಒರೆಸುತ್ತದೆ.

ಸಂಕಟ ಇರುವುದೇ ಇಲ್ಲಿ. ಸಂಜೆ ಆ ನಾಲ್ವರು ಇದೇ ಹಾಡನ್ನು ಅಷ್ಟೆತ್ತರದ ಸ್ಪೀಕರಿನಲ್ಲಿ ಹಾಡಿದರೆ? ಬಲೆ ಎಂದರೆ ಹೆಸರಿಗೆ ಬಲೆ. ಹಸಿ ಎರೆಮಣ್ಣಿನಲ್ಲಿ ನೆಟ್ಟ ಗೂಟಗಳು ಒಂದು ನೂಕಿಗೆ ಕಿತ್ತು ಬರುತ್ತವೆ. ಹೊಲಕ್ಕೂ ಗಿರಣಿಗೂ ನಡುವೆ ಭತ್ತದ ಲಾರಿಗಳು ಓಡಾಡುವ ರಸ್ತೆ. ಎರಡು ವರ್ಷದ ಹಿಂದೆ ಕವಿತಾಳದ ಹತ್ತಿರ ಲಾರಿಯೊಂದು ಹಿಂಡಿನೊಳಗೆ ನುಗ್ಗಿತ್ತು. ‘ಆರೇಳು ಹೋದ್ವು. ಒಂದು ಗಬ್ಬದ್ದು. ಇನ್ನೂ ಕಣ್ಣು ಮುಚ್ಚಿದ್ರ ಅದ ಕಾಣಿಸ್ತದ’ ಎನ್ನುತ್ತಾರೆ ಭೀಮವ್ವ. ಬೇರೆಡೆ ಹೋಗೋಣವೆಂದರೆ ಸುತ್ತಲಿನ ಗದ್ದೆಗಳಲ್ಲೆಲ್ಲ ಹೊಸ ನಾಟಿ. ಮೇಲಾಗಿ ಈ ಹೊಲದ ಶರಣಯ್ಯನವರಿಗೆ ಮಾತು ಕೊಟ್ಟಾಗಿದೆ. ಮಾತು ಕೊಟ್ಟ ಹೊಲದಿಂದ ನಡುವೆ ಹಿಂಡು ಎಬ್ಬಿಸುವುದು ಕುರುಬರಲ್ಲಿ ಇಲ್ಲ.

‘ಏನೂ ಆಗಂಗಿಲ್ಲ, ನೀ ಹೋಗು’ ಎನ್ನುತ್ತಾರೆ ಸಿದ್ರಾಮ, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು ಎನ್ನುವಂಥ ಮನುಷ್ಯ. ‘ನಿನಗೇನು ಗೊತ್ತದ?’ ಎಂದು ಭೀಮವ್ವ ಸಿಡುಕುತ್ತಾರೆ. ಸಿದ್ರಾಮ ಏನೋ ಹೇಳಲು ಹೋಗಿ, ತಂಬಾಕು ಬಾಯಿಗೆ ಹಾಕಿಕೊಳ್ಳುತ್ತಾರೆ.

ಮಧ್ಯಾಹ್ನ ಭೀಮವ್ವ ಮುಖ ತೊಳೆದು ನನ್ನನ್ನೂ ಎಳೆದುಕೊಂಡು ಗಿರಣಿಗೆ ನಡೆಯುತ್ತಾರೆ. ವೇದಿಕೆಯ ಮೆಟ್ಟಿಲ ಮೇಲೆ ಬಿಳಿಗೂದಲಿನ ಗಾಯಕ ಕನಕರಾಜ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದಾರೆ. ಮೂವತ್ತು ವರ್ಷ ಕಾದದ್ದು ಈ ಗಳಿಗೆಗೆ. ಭೀಮವ್ವ ಸೆರಗಿನ ತುದಿ ಸುತ್ತಿ ಸುತ್ತಿ ಕೊನೆಗೆ ಅನ್ನುತ್ತಾರೆ: ‘ಯಪ್ಪಾ, ಹೊತ್ತು ಮುಳುಗಿತು ಹಾಡು ಅದ ಅಲ್ರಿ, ಅದೊಂದು ಹಾಡಬ್ಯಾಡ್ರಿ. ಉಳದದ್ದು ಎಷ್ಟ ಬೇಕಾದ್ರೂ ಹಾಡ್ರಿ.’

ಕನಕರಾಜರ ಕೈ ಮಂಡಿಯ ಮೇಲೆಯೇ ನಿಲ್ಲುತ್ತದೆ. ‘ಅಮ್ಮಾ, ಎಲ್ಲಿ ಹೋದರೂ ಅದನ್ನೇ ಹಾಡಿ ಅಂತಾರೆ. ಬೇಡ ಅಂದವರು ನೀವೊಬ್ಬರೇ. ಅಷ್ಟು ಕೆಟ್ಟದಾಗಿದೆಯಾ?’

‘ಅಯ್ಯ, ನನ್ನ ಜೀವ ಅದ್ರಿ ಅದು’ ಎನ್ನುವಷ್ಟರಲ್ಲಿ ಭೀಮವ್ವನ ಕಣ್ಣು ತುಂಬುತ್ತದೆ. ಕುರಿಯ ಕಥೆ ಪೂರ್ತಿ ಕೇಳಿ ಕನಕರಾಜ ನಗುವುದಿಲ್ಲ. ‘ಆಯ್ತು, ಬಿಡ್ತೀವಿ’ ಎಂದು ಮಾತು ಕೊಡುತ್ತಾರೆ.

ಸಂಜೆ ಬೇಗ ಬಲೆ ಕಟ್ಟಿ, ಗೂಟಗಳನ್ನು ಎರಡೆರಡು ಸಲ ಬಡಿದು, ಭೀಮವ್ವ ಜನರ ನಡುವೆ ಬಂದು ಕೂರುತ್ತಾರೆ. ಕೂತದ್ದು ತುದಿಯಲ್ಲಿ, ಎದ್ದು ಓಡಲು ಅನುಕೂಲವಾಗುವಂತೆ. ಮೊದಲ ಹಾಡಿಗೆ ಬಾಯಿ ಅರ್ಧ ತೆರೆದೇ ಇದೆ. ಎರಡನೆಯದಕ್ಕೆ ನನ್ನ ಮೊಣಕೈ ಹಿಡಿದು, ‘ಗಿಟಾರಿನಾಂವ ದಪ್ಪ ಆಗ್ಯಾನ’ ಎಂದು ಪಿಸುಗುಡುತ್ತಾರೆ. ಆದರೂ ಪ್ರತಿ ಹಾಡು ಮುಗಿದಾಗ ಕುತ್ತಿಗೆ ರಸ್ತೆಯ ಕಡೆಗೆ ತಿರುಗುತ್ತದೆ. ಲಾರಿಯ ಬೆಳಕು ಕಂಡರೆ ಉಸಿರು ಹಿಡಿಯುತ್ತಾರೆ.

ಕತ್ತಲು ಇಳಿಯುವ ಹೊತ್ತಿಗೆ ಜನ ಬಿಡುವುದಿಲ್ಲ. ‘ಹೊತ್ತು ಮುಳುಗಿತು’ ಎಂಬ ಕೂಗು ಅಂಗಳದ ತುಂಬ. ಕನಕರಾಜ ಬೇರೆ ಹಾಡು ಎತ್ತುತ್ತಾರೆ, ಕೂಗು ಅದನ್ನು ಮುಳುಗಿಸುತ್ತದೆ. ಕೊನೆಗೆ ಮಾಲೀಕ ಕೊಟ್ರೇಶ ತಾವೇ ವೇದಿಕೆ ಹತ್ತಿ, ‘ನನ್ನ ಲಗ್ನದಾಗ ಟೇಪ್ ಹಾಕಿಸಿದ್ದ ಹಾಡ್ರಿ ಅದು’ ಎಂದು ಕೈ ಮುಗಿಯುತ್ತಾರೆ. ಕನಕರಾಜ ಹಣೆಯ ಮೇಲೆ ಕೈಯಿಟ್ಟು ಜನರ ನಡುವೆ ಯಾರನ್ನೋ ಹುಡುಕುತ್ತಾರೆ. ಅಷ್ಟರಲ್ಲಿ ಕೀಬೋರ್ಡಿನವರ ಬೆರಳು ಆ ಹಾಡಿಗೆ ಇಳಿದಾಗಿದೆ.

ಭೀಮವ್ವ ಎದ್ದು ಓಡುತ್ತಾರೆ. ಚಪ್ಪಲಿ ಅಲ್ಲೇ ಬಿಡುತ್ತಾರೆ. ನಾನು ಅವನ್ನು ಹಿಡಿದು ಹಿಂದೆ ಓಡುತ್ತೇನೆ. ಅವರು ರಸ್ತೆಯ ನಡುವೆ ನಿಂತು, ಬರುತ್ತಿದ್ದ ಲಾರಿಗೆ ಹೆಗಲ ಕಂಬಳಿ ಬೀಸುತ್ತಾರೆ. ಲಾರಿ ಕಿರ್ರೆಂದು ನಿಲ್ಲುತ್ತದೆ, ಚಾಲಕ ತೆಲುಗಿನಲ್ಲಿ ಬಯ್ಯುತ್ತಾನೆ. ರಸ್ತೆಯಲ್ಲಿ ಒಂದು ಕುರಿಯೂ ಇಲ್ಲ.

ಹೊಲದಲ್ಲಿ ಬಲೆ ಕಟ್ಟಿದ ಹಾಗೆಯೇ ಇದೆ. ಕುರಿಗಳು ಮಲಗಿ ಮೆಲುಕು ಹಾಕುತ್ತಿವೆ. ಟಗರು ಒಂದು ಕಿವಿಯನ್ನೂ ಅಲ್ಲಾಡಿಸಿಲ್ಲ. ಸಿದ್ರಾಮ ಬದುವಿನ ಮೇಲೆ ಕುಳಿತಿದ್ದಾರೆ.

‘ಯಾಕ ಓಡಿ ಬಂದಿ?’

ಭೀಮವ್ವನಿಗೆ ಏದುಸಿರು. ‘ಹಾಡು... ಇವು ಏಳಲಿಲ್ಲೇನು?’

ಸಿದ್ರಾಮ ತಂಬಾಕು ಉಗುಳಿ ಬರುತ್ತಾರೆ. ‘ಹ್ವಾದ ವರ್ಷ ನೀ ದೇವದುರ್ಗಕ್ಕ ಲಗ್ನಕ್ಕ ಹೋಗಿದ್ದಿ ನೋಡು. ನೀ ಬಿಟ್ಟು ಹೋದ ಮೊಬೈಲಿನಾಗ ನಾನೂ ಈ ಹಾಡು ಹಚ್ಚಿದ್ದೆ. ತಿರುಗಿ ಮುರುಗಿ ಹಚ್ಚಿದೆ. ಒಂದೂ ಬರಲಿಲ್ಲ. ಕೂಗಿ ಕೂಗಿ ಹೈರಾಣಾದೆ. ನಗ್ತಿ ಅಂತ ಹೇಳಿಲ್ಲ.’

‘ಮತ್ತ ನನಗ್ಯಾಕ ಬರ್ತಾವು?’

‘ನೀ ಹಾಡ್ತಿ ಅಲ್ಲ ಬೇ, ಅದರ ಜತಿಗೆ.’

ಭೀಮವ್ವ ನನ್ನ ಮುಖ ನೋಡುತ್ತಾರೆ. ಹೌದೆಂದು ತಲೆಯಾಡಿಸುತ್ತೇನೆ. ಅವರು ಬದುವಿನ ಮೇಲೆ ಕೂರುತ್ತಾರೆ. ಮೂರು ದಿನದ ಅಂಜಿಕೆ ಇಳಿಯಲು ಸ್ವಲ್ಪ ಹೊತ್ತು ಬೇಕು. ರಸ್ತೆಯಾಚೆ ಕನಕರಾಜರಿಗೆ ಮೇಲಿನ ಸ್ವರ ಮೊದಲಿನಂತೆ ಹತ್ತುತ್ತಿಲ್ಲ. ಕೊನೆಯ ಸಾಲನ್ನು ಜನರಿಗೆ ಬಿಟ್ಟುಕೊಡುತ್ತಾರೆ, ಅಂಗಳವೆಲ್ಲ ಹಾಡುತ್ತದೆ. ಬದುವಿನ ಮೇಲೆ, ತಮಗೇ ಅರಿವಿಲ್ಲದೆ, ಭೀಮವ್ವನೂ ಸಣ್ಣಗೆ ಹಾಡುತ್ತಾರೆ. ಟಗರಿನ ಗಂಟೆ ಅಲುಗುತ್ತದೆ. ಒಂದರ ಹಿಂದೊಂದು ಕುರಿಗಳೆದ್ದು ಬಲೆಗೆ ಮೂತಿ ಒತ್ತಿ ನಿಲ್ಲುತ್ತವೆ. ಭೀಮವ್ವ ಥಟ್ಟನೆ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ, ಸಿದ್ರಾಮ ಗೂಟ ಹಿಡಿದು ನಗುತ್ತಾರೆ.

ಚಪ್ಪಲಿ ಕೊಡುತ್ತ, ಆ ಹಾಡು ಹಾಡುವುದನ್ನು ಕಣ್ಣಾರೆ ನೋಡಲಾಗಲಿಲ್ಲವಲ್ಲ ಎನ್ನುತ್ತೇನೆ. ಭೀಮವ್ವ ಬಲೆಯೊಳಗೆ ಕೈ ಹಾಕಿ ಟಗರಿನ ಕಿವಿ ತುರಿಸುತ್ತಾರೆ.

‘ಇನ್ನೊಮ್ಮೆ ಬಂದ್ರ ಮುಂದ ಕೂತು ನೋಡಬೇಕ್ರಿ ಸರ, ಫಿಕರ್ ಇಲ್ಲದ. ಆದ್ರ ಅಷ್ಟು ದೊಡ್ಡ ಮಂದಿ, ಅಷ್ಟೆತ್ತರ ಸ್ಪೀಕರ್ ಹಚ್ಚಿ ಮನೆಗೆ ಬಾ, ಮನೆಗೆ ಬಾ ಅಂತ ಕರದ್ರು. ಒಂದು ಮರಿ ಏಳಲಿಲ್ಲ. ನಾ ಕೂತಲ್ಲೇ ಸಣ್ಣಗ ಅಂದೆ, ಎಲ್ಲಾ ಎದ್ದು ನಿಂತ್ವು ನೋಡ್ರಿ.’